ಮಣೆ

ಪ್ರಬಂಧದ ಕೊನೆಗೆ, ಅಂಕ ಇರಬೇಕಾದ ಜಾಗದಲ್ಲಿ,
ಮುರುಗೇಂದ್ರಯ್ಯ ಮೇಷ್ಟ್ರು ಕೆಂಪು ಶಾಯಿಯಲ್ಲಿ
ಒಂದೇ ಪದ ಬರೆದಿದ್ದರು:
ಶ್ಯಾಂಬಲ್ಸ್.
ಶಾಂಪೂ ಹೆಸರಿರಬೇಕು ಕಣೇ, ಅಂದಳು
ಪಕ್ಕದಲ್ಲಿ ಕೂತ ಕೊಟ್ರಮ್ಮ.

ಲೈಬ್ರರಿಯ ದಪ್ಪ ನಿಘಂಟಿನ ಬೆನ್ನು ಮುರಿದಿತ್ತು,
ಎಸ್ ಅಕ್ಷರದ ಹತ್ತಿರ ಯಾರೋ ಹರಿಹರದ ಬಸ್ ಟಿಕೆಟ್ಟು
ಇಟ್ಟು ಮರೆತಿದ್ದರು.
ಅಸ್ತವ್ಯಸ್ತ, ಅಂತಿತ್ತು ಮೊದಲು. ಚೆಲ್ಲಾಪಿಲ್ಲಿ. ಕಲಸುಮೇಲೋಗರ.
ಸರಿ, ಒಪ್ಪಿಕೊಂಡೆ.
ನನ್ನ ವಾಕ್ಯಗಳಲ್ಲಿ ಕರ್ತೃ ಒಂದು ಓಣಿ,
ಕ್ರಿಯಾಪದ ಇನ್ನೊಂದು ಓಣಿ.

ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ
ಪದ ನಡೆದು ಬಂದ ದಾರಿ ಇತ್ತು.
ಅಸ್ತವ್ಯಸ್ತ ಆಗುವ ಮುಂಚೆ, ಕಸಾಯಿಖಾನೆ.
ಅದಕ್ಕೂ ಮುಂಚೆ, ಮಾಂಸ ಮಾರುವವರ ಕೇರಿ.
ಅದಕ್ಕೂ ಮುಂಚೆ, ಮಾಂಸ ಹರವುವ ಹಲಗೆ.
ತೀರಾ ಹಿಂದೆ, ಲ್ಯಾಟಿನ್ನಿನಲ್ಲಿ,
ಒಂದು ಪುಟ್ಟ ಮಣೆ.

ಕಿವಿ ಬಿಸಿಯಾಯಿತು.
ಮೇಷ್ಟ್ರಿಗೆ ಗೊತ್ತಾದದ್ದು ಹೇಗೆ?
ಅಡ್ಮಿಷನ್ ಫಾರ್ಮಿನಲ್ಲಿ ತಂದೆಯ ಕಸುಬಿನ ಎದುರು
'ವ್ಯಾಪಾರ' ಅಂತಷ್ಟೇ ತುಂಬಿದ್ದೆ.

*

ಹಳೇಪೇಟೆಯ ನಮ್ಮ ಅಂಗಡಿಗೆ
ಗಾಳಿ ತಿರುಗಿದರೆ ಮಂಡಕ್ಕಿ ಭಟ್ಟಿಯ ಹೊಗೆ ಬರುತ್ತಿತ್ತು.
ದಾವಣಗೆರೆಯಲ್ಲಿ ಅಷ್ಟು ಒಪ್ಪವಾದ ಜಾಗ
ನಾನು ಇನ್ನೊಂದು ಕಂಡಿಲ್ಲ.
ಕತ್ತಿ ಮೂರು, ಉದ್ದದ ಪ್ರಕಾರ. ಕೊಕ್ಕೆ ಐದು.
ತಕ್ಕಡಿಯ ಕೆಳಗೆ ನಾಲ್ಕು ಮಡಿಕೆಯ ಒದ್ದೆ ಬಟ್ಟೆ.
ರಾತ್ರಿ ಹುಣಸೆ ಕೊರಡಿಗೆ ಉಪ್ಪು ತಿಕ್ಕಿ,
ಗೋಣಿ ಹೊದಿಸಿ,
ಕೂಸು ಮಲಗಿಸಿದ ಹಾಗೆ ಮಲಗಿಸುತ್ತಿದ್ದ ಅಬ್ಬ.

ಕೀಲು ಎಲ್ಲಿ ಬಿಡುತ್ತದೆ ಅಂತ ಅವನ ಬೆರಳಿಗೇ ಕಣ್ಣಿತ್ತು.
ಬಾಣಂತಿಯ ಮನೆಗೆ ಕಾಲು,
ಹಲ್ಲಿಲ್ಲದ ಪ್ಯಾರಿಮಾಗೆ ಕಲೀಜ,
ಕತ್ತಲಾದ ಮೇಲೆ ಬಂದು, ಎರಡೆರಡು ಪೇಪರಿನಲ್ಲಿ
ಸುತ್ತಿಸಿಕೊಂಡು ಹೋಗುವವರಿಗೆ
ಹೆಸರು ಕೇಳದೆ ಮುಕ್ಕಾಲು ಕೆಜಿ.

ಅವತ್ತು ಸಂಜೆ ಹೇಳಿದೆ.
ಕತ್ತಿ ಮಸೆಯುತ್ತಲೇ ಕೇಳಿಸಿಕೊಂಡ.
"ಗಲೀಜು ಅಂದ್ರಾ ನಮಗೆ?"
"ಗಲೀಜಲ್ಲ ಅಬ್ಬಾ. ಅಸ್ತವ್ಯಸ್ತ."
ಮಸೆಯುವುದು ನಿಲ್ಲಿಸಿ ಅಂಗಡಿಯನ್ನು ಒಂದು ಸುತ್ತು ನೋಡಿದ.
ಎರಡನೇ ಕೊಕ್ಕೆ ತುಸು ಓರೆಯಾಗಿತ್ತು,
ಎದ್ದು ಹೋಗಿ ಸರಿಮಾಡಿದ.
"ಆ ಊರಿನ ಕಸಾಯಿಗೆ ಕೆಲಸ ಬರ್ತಿರಲಿಲ್ಲ, ಬಿಡು."

*

ನಮ್ಮ ಪದಗಳೇನು ಕಮ್ಮಿ ತಿರುಗಿವೆಯೇ.
ರಾದ್ಧಾಂತ ಅಂದರೆ ಒಂದು ಕಾಲಕ್ಕೆ
ವಾದವೆಲ್ಲ ತೀರಿ, ಪಂಡಿತರು ತಲೆದೂಗಿ ಎದ್ದ
ಕಟ್ಟಕಡೆಯ ತೀರ್ಮಾನವಂತೆ.
ಈಗ ನಲ್ಲಿಯ ಮುಂದೆ ಕೊಡಕ್ಕೆ ಕೊಡ ತಾಗಿದರೆ
ರಾದ್ಧಾಂತ.
ಗೊಂದಲವೋ, ದೇವಿಯ ಎದುರು ಪಂಜು ಹಿಡಿದು
ಬೆಳಗಿನ ತನಕ ಹಾಡಿ ಕುಣಿದದ್ದು.
ಎಷ್ಟೋ ಪದ ಹೀಗೆ, ಮೂಗು ಮುಚ್ಚಿಕೊಂಡು
ದೂರದಿಂದ ದಾಟಿ ಹೋದವರ ಬಾಯಲ್ಲೇ
ಬೆಳೆದು ದೊಡ್ಡದಾದದ್ದು.

ಈಗ ನಾನೂ ಕೆಂಪು ಪೆನ್ನು ಹಿಡಿಯುತ್ತೇನೆ.
ಆ ಪದ ಬರೆಯಲು ಕೈ ಒಂದೆರಡು ಸಲ ಹೋಗಿದೆ.
ಸುಳ್ಳು ಹೇಳಲಾರೆ, ಒಮ್ಮೆ ಬರೆದೂ ಇದ್ದೇನೆ.

ಹೇಳದೆ ಉಳಿದದ್ದು ಇಷ್ಟು:
ಆ ಪ್ರಬಂಧ ನಾನು ಬರೆದದ್ದು ಅಂಗಡಿಯಲ್ಲೇ,
ಗಿರಾಕಿ ಇಲ್ಲದ ಮಧ್ಯಾಹ್ನ,
ಕೊರಡಿನಲ್ಲಿ ಮಿಕ್ಕ ಹುಣಸೆ ತುಂಡಿನಿಂದ
ಅಬ್ಬ ನನಗಂತ ಮಾಡಿಸಿದ ಮಣೆಯ ಮೇಲೆ ಕೂತು.
ಮೇಷ್ಟ್ರು ವಿಳಾಸ ಸರಿಯಾಗಿಯೇ ಬರೆದಿದ್ದರು,
ಪಿನ್‌ಕೋಡ್ ಒಂದು ಬಿಟ್ಟು.

ಅವರು ಆ ಕಡೆ ಯಾವತ್ತೂ ಬರಲಿಲ್ಲ.
ಬಂದಿದ್ದರೆ ಅಬ್ಬ ಮಣೆ ಹಾಕುತ್ತಿದ್ದ.
ಒರೆಸಿ,
ಇನ್ನೊಮ್ಮೆ ಒರೆಸಿ.